ಸ್ವಲ್ಪ ಡೇಟಾದಲ್ಲೇ ವೈ-ಫೈ ಸೆನ್ಸಿಂಗ್: ಮಾಡೆಲ್ ಕಲಿಸುವುದು ಹೇಗೆ?

ವೈ-ಫೈ ಅಲೆ ಗೋಡೆ, ನೆಲ, ಮನುಷ್ಯರ ಮೈ ಎಲ್ಲಕ್ಕೂ ತಾಗಿ ಹಲವು ದಾರಿಯಲ್ಲಿ ಬಂದು ರಿಸೀವರ್ ಸೇರುತ್ತದೆ. ಈ ದಾರಿಗಳ ಒಟ್ಟು ಪರಿಣಾಮವೇ ಚಾನೆಲ್. ಅದರ ಏರಿಳಿತ ನೋಡಿ ಮುಂದಿನ ಕ್ಷಣದ ಸಿಗ್ನಲ್ ಊಹಿಸಬಹುದು, ಕೋಣೆಯಲ್ಲಿ ಯಾರಾದರೂ ಓಡಾಡುತ್ತಿದ್ದಾರಾ ಎಂದೂ ಹೇಳಬಹುದು. ಇದೇ ವೈ-ಫೈ ಸೆನ್ಸಿಂಗ್. ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಇದನ್ನು ಪ್ರಾಜೆಕ್ಟ್ ಮಾಡುತ್ತಾರೆ, ಲ್ಯಾಬಿನಲ್ಲಿ ನೂರಕ್ಕೆ ನೂರರ ಹತ್ತಿರ ಅಂಕ ಬರುತ್ತದೆ. ಅದೇ ಮಾಡೆಲ್ (ಡೇಟಾ ನೋಡಿ ಕಲಿಯುವ ಪ್ರೋಗ್ರಾಂ) ತೀರ್ಥಹಳ್ಳಿಯ ಹಂಚಿನ ಮನೆಗೆ ಹೋದರೆ ಕೆಲಸ ಮಾಡುವುದಿಲ್ಲ. ತಪ್ಪು ಆಗುವುದು ಹೆಚ್ಚಾಗಿ ಡೇಟಾವನ್ನು ಕಲಿಕೆಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಹಂಚುವಲ್ಲಿ.

ಮೊದಲು ಸಾಮಾನು. ಎರಡು ಇಎಸ್‌ಪಿ32 ಬೋರ್ಡ್ (ವೈ-ಫೈ ಇರುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಸಾಕು, ಒಂದು ಕಳಿಸಲು, ಒಂದು ಕೇಳಲು. ತೆಳ್ಳನೆಯ ಅಗ್ಗದ ಯುಎಸ್‌ಬಿ ಕೇಬಲ್ ತರಬೇಡಿ. ವೋಲ್ಟೇಜ್ ಬಿದ್ದು ಬೋರ್ಡ್ ನಡುವೆಯೇ ರೀಸೆಟ್ ಆಗುತ್ತದೆ. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಕಳಿಸುವ ಬೋರ್ಡನ್ನು ಪವರ್ ಬ್ಯಾಂಕಿಗೇ ಹಾಕಿ.

ಸೆಕೆಂಡಿಗೆ 100 ಪ್ಯಾಕೆಟ್ (ಡೇಟಾದ ಪುಟ್ಟ ತುಣುಕು) ಕಳಿಸಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಒಂದು ದಾರಿ 6 ಸೆಂ.ಮೀ.ಯಷ್ಟು ಹೆಚ್ಚು ಕಡಿಮೆಯಾದರೂ ಸಾಕು, ಒಂದನ್ನೊಂದು ಬಲಪಡಿಸುತ್ತಿದ್ದ ಅಲೆಗಳು ಅಳಿಸಿಕೊಳ್ಳುತ್ತವೆ. ನಡೆಯುವ ಮನುಷ್ಯನನ್ನು ಹಿಡಿಯಲು 100 ಧಾರಾಳ.

20 ಮೆಗಾಹರ್ಟ್ಸ್ ಅಗಲದ ವೈ-ಫೈ ಪಟ್ಟಿಯಲ್ಲಿ 64 ಸಬ್‌ಕ್ಯಾರಿಯರ್, ಅಂದರೆ ಬೇರೆ ಬೇರೆ ಫ್ರೀಕ್ವೆನ್ಸಿಯ ಉಪ-ಅಲೆಗಳು ಇರುತ್ತವೆ. ಪ್ರತಿ ಪ್ಯಾಕೆಟ್ ಬಂದಾಗ ಇವುಗಳ ಮೇಲೆ ಚಾನೆಲ್ ಅಳೆಯುತ್ತೇವೆ. ಅಂಚಿನವು ಮತ್ತು ನಡುವಿನದು ಖಾಲಿ, ತೆಗೆದುಹಾಕಿ. ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು) ಬಿಡಿ, ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಮಾತ್ರ ಇಟ್ಟುಕೊಳ್ಳಿ. ಎರಡು ಬೋರ್ಡಿನ ಗಡಿಯಾರ ಒಂದೇ ಹೆಜ್ಜೆಯಲ್ಲಿ ಓಡುವುದಿಲ್ಲವಾದ್ದರಿಂದ ಫೇಸ್ ಸುಮ್ನೆ ತಿರುಗುತ್ತಿರುತ್ತದೆ. ರಿಸೀವರ್ ತಾನಾಗಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬದಲಿಸುವುದರಿಂದ ಅಂಕಿ ಥಟ್ಟನೆ ಹಾರುವುದೂ ಉಂಟು. ಪ್ರತಿ ಪ್ಯಾಕೆಟ್ಟನ್ನು ಅದರದೇ ಸರಾಸರಿಯಿಂದ ಭಾಗಿಸಿ.

ಈಗ ಕಷ್ಟದ ಹಂತ. ಮಾಡೆಲ್‌ಗೆ ಒಂದು ಸಲಕ್ಕೆ ಕೊಡುವ ಡೇಟಾದ ತುಂಡನ್ನು ಕಿಟಕಿ ಎನ್ನುತ್ತಾರೆ. 2 ಸೆಕೆಂಡಿನ ಕಿಟಕಿ ಅಂದರೆ 200 ಪ್ಯಾಕೆಟ್. ಡೇಟಾ ಕಡಿಮೆ ಎಂದು ಎಲ್ಲರೂ ಅರ್ಧರ್ಧ ಒಂದರ ಮೇಲೊಂದು ಬರುವಂತೆ ಕಿಟಕಿ ಕತ್ತರಿಸುತ್ತಾರೆ. ಆಮೇಲೆ ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಡೇಟಾವನ್ನು ಕಲಿಕೆಗೆ, ಪರೀಕ್ಷೆಗೆ ಎಂದು ಹಂಚುವ ಟ್ರೈನ್-ಟೆಸ್ಟ್-ಸ್ಪ್ಲಿಟ್ ಕರೆಯುತ್ತಾರೆ. ನೀವು ಹೇಳದಿದ್ದರೂ ಅದು ಕಲಸುತ್ತದೆ! ಒಂದು ಕಿಟಕಿ ಕಲಿಕೆಗೆ ಹೋದರೆ ಪಕ್ಕದ್ದು ಪರೀಕ್ಷೆಗೆ. ಎರಡರಲ್ಲೂ 100 ಪ್ಯಾಕೆಟ್ ಅವೇ. ಕಂಠಪಾಠ ಮಾಡಿದ ಮಾಡೆಲ್ಲೂ ಪಾಸಾಗುತ್ತದೆ, ಅಲ್ವಾ? ಕಿಟಕಿ ಕತ್ತರಿಸುವ ಮೊದಲೇ ದಿನ ಮತ್ತು ಮನೆಯ ಪ್ರಕಾರ ಬೇರೆ ಮಾಡಿ. ಅದೇ ಲೈಬ್ರರಿಯ ಗ್ರೂಪ್-ಕೆ-ಫೋಲ್ಡ್ ಇರುವುದೇ ಇದಕ್ಕೆ, ಒಂದು ಗುಂಪಿನ ಡೇಟಾ ಎರಡೂ ಕಡೆ ಹೋಗದಂತೆ ಹಂಚಲು. ಇಡೀ ಡೇಟಾವನ್ನು ಒಂದೇ ಅಳತೆಗೆ ತರಲು ಬಳಸುವ ಸರಾಸರಿ, ಹರಡಿಕೆ ಎಲ್ಲವನ್ನೂ ಕಲಿಕೆಯ ಭಾಗದಿಂದಷ್ಟೇ ಲೆಕ್ಕ ಹಾಕಿ. ಗದ್ದಲ (ನಾಯ್ಸ್) ಸೇರಿಸಿ, ಕೆಲವು ಸಬ್‌ಕ್ಯಾರಿಯರ್ ಅಳಿಸಿ ಬದಲಾದ ನಕಲು ಮಾಡಿಕೊಂಡು ಡೇಟಾ ಹೆಚ್ಚಿಸುವುದಿದ್ದರೆ ಅದೂ ಹಂಚಿದ ಮೇಲೆಯೇ, ಕಲಿಕೆಯ ಭಾಗಕ್ಕೆ ಮಾತ್ರ.

ಇನ್ನೊಂದು ಗುಟ್ಟಾದ ತಪ್ಪಿದೆ. ಬೆಳಿಗ್ಗೆ ಪೂರ್ತಿ ಖಾಲಿ ಕೋಣೆ, ಸಂಜೆ ಪೂರ್ತಿ ಓಡಾಟ ರೆಕಾರ್ಡ್ ಮಾಡುತ್ತಾರೆ. ಆಗ ಮಾಡೆಲ್ ಕಲಿಯುವುದು ಬೆಳಿಗ್ಗೆ ಸಂಜೆಯ ವ್ಯತ್ಯಾಸವನ್ನು. ಐದು ನಿಮಿಷ ಖಾಲಿ, ಐದು ನಿಮಿಷ ಓಡಾಟ ಎಂದು ಬದಲಾಯಿಸುತ್ತಾ ಹೋಗಿ. ಮಳೆಯ ದಿನವೂ ಇರಲಿ, ಹೊಳವಾದ ದಿನವೂ ಇರಲಿ. ಈ ಫ್ರೀಕ್ವೆನ್ಸಿಯಲ್ಲಿ ಮಳೆಹನಿಯಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ. ಆದರೆ ನೀರು ಕುಡಿದ ಜಂಬಿಟ್ಟಿಗೆ ಗೋಡೆ, ಮನೆಗೂ ತೋಟಕ್ಕೂ ನಡುವಿನ ಒದ್ದೆ ಅಡಿಕೆ ಸೋಗೆ ಇವು ಚಾನೆಲ್ಲನ್ನು ಬದಲಿಸುತ್ತವೆ.

ಮಾಡೆಲ್ ಚಿಕ್ಕದಿರಲಿ. ಎರಡು ಮೂರು ಪದರದ ಸಿಎನ್‌ಎನ್, ಇಲ್ಲವೇ ಒಂದು ಜಿಆರ್‌ಯು ಸಾಕು, ಎರಡೂ ನ್ಯೂರಲ್ ನೆಟ್‌ವರ್ಕ್‌ಗಳೇ. ಇಷ್ಟು ಕಡಿಮೆ ಡೇಟಾಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಮಾಡೆಲ್ ಬೇಡವೇ ಬೇಡ. ಚಾನೆಲ್ ಊಹಿಸುವುದಾದರೆ ಮೊದಲು 'ಈಗ ಇದ್ದದ್ದೇ ಮುಂದೆಯೂ' ಎಂಬ ಸರಳ ಊಹೆಯ ತಪ್ಪು ಅಳೆಯಿರಿ. ಕೆಲವು ಮಿಲಿಸೆಕೆಂಡ್ ಮುಂದಕ್ಕೆ ಅದನ್ನು ಸೋಲಿಸುವುದೇ ಕಷ್ಟ.

ಹೊಸ ಮನೆಗೆ ಹೋದಾಗ ಎಲ್ಲವನ್ನೂ ಮೊದಲಿನಿಂದ ಕಲಿಸಬೇಡಿ. ಮೊದಲ ಪದರಗಳನ್ನು ಹಾಗೇ ಹಿಡಿದಿಟ್ಟು, ಅಲ್ಲಿನ ಕೆಲವು ನಿಮಿಷಗಳ ಡೇಟಾದಿಂದ ಕೊನೆಯ ಪದರವನ್ನಷ್ಟೇ ತಿದ್ದಿ, ಬೇರೆ ದಿನದ ಡೇಟಾದಲ್ಲಿ ಪರೀಕ್ಷಿಸಿ. ವರದಿಯಲ್ಲಿ ಪ್ರತಿ ಮನೆಯ ಅಂಕ ಬೇರೆ ಬೇರೆ ಬರೆಯಿರಿ, ಅತಿ ಕಡಿಮೆ ಬಂದದ್ದು ಮೊದಲ ಸಾಲಿನಲ್ಲಿರಲಿ.