ಬಾವಿ ಸುತ್ತ ಗೆರೆ ಎಳೆದದ್ದು: ನನ್ನ ಅನುಭವ

ನಮ್ಮೂರ ಕುಡಿಯುವ ನೀರಿನ ಬಾವಿಯ ಸುತ್ತ ಏನು ಮಾಡಬಹುದು, ಏನು ಕೂಡದು ಅಂತ ಪಂಚಾಯಿತಿಯಿಂದಲೇ ನಿಯಮ ತಂದೆವು. ಅದು ಇವತ್ತಿಗೂ ನಡೆಯುತ್ತಿದೆ. "ಇದೆಲ್ಲ ಆಗೋ ಹೋಗೋ ಮಾತಲ್ಲ ಬಿಡಿ" ಎಂದಿದ್ದ ಪಕ್ಕದ ಪಂಚಾಯಿತಿಯವರೇ ಈಗ ಠರಾವಿನ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಓದುವವರು ಸದಸ್ಯರೋ ನೀರು ಸಮಿತಿಯವರೋ ಆಗಿರುತ್ತೀರಿ. ಹಾಗಾಗಿ ಠರಾವು ಬರೆಯುವುದು, ಕಿಟ್‌ನಲ್ಲಿ ನೀರು ನೋಡುವುದು ಇವನ್ನೆಲ್ಲ ಹೇಳಲು ಹೋಗುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಬಾವಿಯಿಂದ 100 ಮೀಟರ್ ಒಳಗೆ ತಿಪ್ಪೆ, ಶೌಚಗುಂಡಿ, ಹೊಸ ಬೋರ್ ಕೂಡದು ಅಂತ ಗ್ರಾಮಸಭೆಯಲ್ಲಿ ಠರಾವು. ಎಲ್ಲರೂ ಕೈ ಎತ್ತಿದರು. ಕೈ ಎತ್ತಿದವರಲ್ಲೇ ಒಬ್ಬರ ತಿಪ್ಪೆ ಮುಂದಿನ ಸಭೆಯ ಹೊತ್ತಿಗೆ ಇನ್ನೆರಡು ಗಾಡಿ ಬೆಳೆದಿತ್ತು. ನೋಟಿಸ್ ಕೊಟ್ಟರೆ, "ಪಹಣಿ ನನ್ನ ಹೆಸರಲ್ಲಿದೆ, ನೀವ್ಯಾರು ಕೇಳೋಕೆ?" ಅಂದರು. ಬೇಲಿ ಹಾಕಿದರೆ ಕಲ್ಲುಕಂಬ ಉಳಿಯಿತು, ತಂತಿ ಹೋಯಿತು. ಅದಕ್ಕೇ ನಲವತ್ತು ಸಾವಿರದ ಹತ್ತಿರ ಹೋಯಿತು.

1999ರ ರಾಜ್ಯದ ಅಂತರ್ಜಲ ಕಾಯ್ದೆ ನಿಮಗೆ ಗೊತ್ತೇ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ ತೋಡುವಂತಿಲ್ಲ, ಬೋರ್ ಕೊರೆಯುವಂತಿಲ್ಲ. ಒಳ್ಳೆಯ ಕಾಯ್ದೆಯೇ. ಆದರೆ ಆ ಅನುಮತಿ ಕೊಡುವ ಕೈ ಪಂಚಾಯಿತಿಯದ್ದಲ್ಲ. ಬೋರ್ ಕೊರೆಯುವ ರಿಗ್ ಲಾರಿ ಬರೋದು ರಾತ್ರಿ. ಬೆಳಿಗ್ಗೆ ದೂರು ಬರೆಯೋ ಹೊತ್ತಿಗೆ ಕೇಸಿಂಗ್ ಪೈಪ್ ಇಳಿದಿರುತ್ತದೆ. ಜೊತೆಗೆ ಅದು ನೀರು ಬತ್ತದಂತೆ ಕಾಯುವ ಕಾಯ್ದೆ. ನಮ್ಮ ಕಷ್ಟ ನೀರು ಕೆಡುವುದು.

ಸಭೆಯಲ್ಲಿ ಒಬ್ಬ ಸದಸ್ಯರು ತಿಪ್ಪಗೊಂಡನಹಳ್ಳಿ ಜಲಾಶಯದ ಕಥೆ ತೆಗೆದರು. 2003ರಲ್ಲಿ ಸರ್ಕಾರವೇ ಅಲ್ಲಿ ರಕ್ಷಣಾ ವಲಯ ಗುರುತಿಸಿತ್ತು. ಜಲಾಶಯದ ಸುತ್ತ 2 ಕಿ.ಮೀ., ಅರ್ಕಾವತಿ, ಕುಮುದ್ವತಿ ನದಿಗಳ ದಡದಿಂದ 1 ಕಿ.ಮೀ. ಹಾಗಿದ್ದೂ 2012ರ ಹೊತ್ತಿಗೆ ಅಲ್ಲಿಂದ ಬೆಂಗಳೂರಿಗೆ ನೀರು ಎತ್ತುವುದೇ ನಿಂತಿತು. "ಅಷ್ಟು ದೊಡ್ಡ ಸರ್ಕಾರದ ಕೈಲಿ ಆಗಲಿಲ್ಲ, ನೀವು ಉಳಿಸ್ತೀರಾ ಅಧ್ಯಕ್ಷರೇ?" ಎಲ್ಲರೂ ನಕ್ಕರು. ನಾನು ಹಟಕ್ಕೆ ಬಿದ್ದದ್ದು ಆವಾಗಲೇ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಿಂದಲೇ ಮತ್ತೆ ಶುರು ಮಾಡಿದೆ. ಶೌಚಗುಂಡಿಗೂ ಬಾವಿಗೂ 10 ಮೀಟರ್ ಸಾಕು ಅನ್ನುವ ಲೆಕ್ಕ ಓದಿರುತ್ತೀರಿ. ಅದು ಮಣ್ಣಿನ ನೆಲಕ್ಕೆ. ನಮ್ಮದು ಕಲ್ಲುನೆಲ, ನೀರು ಬಂಡೆಯ ಬಿರುಕಿನಲ್ಲಿ ಓಡುತ್ತದೆ. ಯಾವ ಕಡೆಯಿಂದ ಓಡುತ್ತದೆ ಅಂತ ತಿಳಿಯಲು ಉಪ್ಪು ಸುರಿದೆವು. ಬಾವಿಯ ಪೂರ್ವಕ್ಕಿದ್ದ ಒಂದು ಹಾಳು ಗುಂಡಿಗೆ ಎರಡು ಮೂಟೆ ಉಪ್ಪು, ಮೇಲೆ ಒಂದು ಟ್ಯಾಂಕರ್ ನೀರು. ನೀರುಗಂಟಿ ಕೈಗೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೊಟ್ಟು ಬೆಳಿಗ್ಗೆ, ಸಂಜೆ ಬಾವಿ ನೀರು ನೋಡಿ ಬರೆದಿಡಲು ಹೇಳಿದೆ. ಎರಡು ವಾರ ಕಾದರೂ ಏನೂ ಇಲ್ಲ. ಊರವರಿಗೆ ತಮಾಷೆಯಾಯಿತು. ಆಮೇಲೆ ಪಶ್ಚಿಮದ ಗುಂಡಿಗೂ ಅಷ್ಟೇ ಸುರಿದೆವು. ಅದು ಬಾವಿಯಿಂದ ಇನ್ನೂ ದೂರ. ನಾಲ್ಕೈದು ದಿನದಲ್ಲಿ ಬಾವಿ ನೀರಿನ ಟಿಡಿಎಸ್ 600ರ ಆಸುಪಾಸಿನಿಂದ 700 ದಾಟಿತು. ತಿಪ್ಪೆಗಳೂ ಗುಂಡಿಗಳೂ ಇದ್ದದ್ದು ಆ ಪಕ್ಕದಲ್ಲೇ! ಇದನ್ನು ಮಾಡುವುದಾದರೆ ಬೇಸಿಗೆಯಲ್ಲಿ ಮಾಡಿ. ಮಳೆ ಬಿದ್ದರೆ ಲೆಕ್ಕ ಕೆಡುತ್ತದೆ.

ಹಾಗಾಗಿ ನಮ್ಮ ಗೆರೆ ಗುಂಡಗಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕಿದೆ. ಬಾವಿಯಿಂದ 30 ಮೀಟರ್ ಒಳಗೆ ಏನೂ ಇಲ್ಲ, ಹುಲ್ಲು ಮಾತ್ರ. ಆಮೇಲೆ ಪಶ್ಚಿಮಕ್ಕೆ 200 ಮೀಟರ್‌ವರೆಗೆ, ಉಳಿದ ಕಡೆ 60ರಷ್ಟು, ತಿಪ್ಪೆ ಮತ್ತು ಬುಡ ತೆರೆದ ಗುಂಡಿ ಕೂಡದು. ಪೂರ್ವದ ಕಡೆ ಸುಮಾರು ಜನ ಪಾರಾದರು. ಅವರೆಲ್ಲ ನನ್ನ ಪರ ನಿಂತರು ಅಂತ ಬೇರೆ ಹೇಳಬೇಕಾ?

ಇನ್ನು ಜಾರಿ ಮಾಡುವ ಮಾತು. ಬೇಡ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಕಾಗದಕ್ಕೆ ಪಂಚಾಯಿತಿಗೆ ಬರಲೇಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮನೆ ಕಟ್ಟಲು ಪರವಾನಗಿ, ಕಾರ್ಖಾನೆಗೆ ಅನುಮತಿ ನಮ್ಮ ಕೈಯಲ್ಲೇ ಇವೆ. ಗೆರೆಯ ಒಳಗಿನ ಸರ್ವೆ ನಂಬರ್‌ಗಳ ಪಟ್ಟಿ ಮಾಡಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಜಿನ ಗಾಜಿನ ಕೆಳಗೆ ಇಟ್ಟೆವು. ಆ ನಂಬರ್‌ನ ಅರ್ಜಿ ಬಂದರೆ ಪರವಾನಗಿಯಲ್ಲೇ ಷರತ್ತು ಸೇರುತ್ತದೆ. ಮೊದಲು ಸಿಕ್ಕಿದ್ದು ಕೋಳಿ ಫಾರಂ ಅರ್ಜಿ. ಅವರಿಗೆ ಬ್ಯಾಂಕ್ ಸಾಲಕ್ಕೆ ನಮ್ಮ ಎನ್‌ಒಸಿ ಬೇಕಿತ್ತು. ಒಂದಷ್ಟು ಕೂಗಾಡಿ, ಕೊನೆಗೆ ಶೆಡ್ ಅನ್ನು ಗೆರೆಯ ಆಚೆಗೆ ಹಾಕಿದರು. ಆಮೇಲೆ ದಾರಿ ಸಲೀಸಾಯಿತು. ಷರತ್ತಿನ ಒಕ್ಕಣೆಯನ್ನು ಇಲ್ಲಿ ಹಾಕುವುದಿಲ್ಲ. ಅದಕ್ಕೆ ವಕೀಲರ ಬಳಿ ತುಂಬಾ ತಲೆಕೆಡಿಸಿಕೊಂಡಿದ್ದೇನೆ. ಊರಿನ ದೊಡ್ಡ ಹಿಡುವಳಿದಾರರನ್ನು ಒಪ್ಪಿಸಿದ್ದು ಹೇಗೆ ಅನ್ನುವುದೂ ನಮ್ಮಲ್ಲೇ ಇರಲಿ.

ಹಳೇ ಗುಂಡಿಗಳಿಗೆ ಕಾಗದದ ಉಪಾಯ ನಡೆಯದು, ದುಡ್ಡೇ ಬೇಕು. ಆರೇಳು ಮನೆಯ ಗುಂಡಿ ಸ್ಥಳಾಂತರ, ಮನೆಗೆ ಹತ್ತು ಹನ್ನೆರಡು ಸಾವಿರ. ಹಣಕಾಸು ಆಯೋಗದ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ ಅಂದರು ನಮ್ಮ ಕಾರ್ಯದರ್ಶಿ. ಕೊನೆಗೆ ಅರ್ಧ ಮನೆಯವರದು, ಅರ್ಧ ಪಂಚಾಯಿತಿ ಸ್ವಂತ ನಿಧಿ. ಜಾಗವೇ ಇಲ್ಲದ ಎರಡು ಮನೆಗೆ ಬುಡ ಮುಚ್ಚಿದ ಟ್ಯಾಂಕ್ ಕಟ್ಟಿಸಿದೆವು. ಅದನ್ನು ಆಗಾಗ ಖಾಲಿ ಮಾಡಿಸಬೇಕು, ಆ ಖರ್ಚು ಇನ್ನೂ ಪಂಚಾಯಿತಿ ತಲೆ ಮೇಲೇ ಇದೆ. ತಿಪ್ಪೆಗೆ ನರೇಗಾದಲ್ಲಿ ಗೊಬ್ಬರದ ಗುಂಡಿ ಆಯಿತು, ಕೂಲಿಯೂ ಸಿಕ್ಕಿತು, ಯಾರೂ ಗೊಣಗಲಿಲ್ಲ. ಬೇಲಿ ಎರಡನೇ ಸಲ ಗಟ್ಟಿ ಜಾಲರಿಯದು, ಒಂದೂವರೆ ಲಕ್ಷದ ಹತ್ತಿರ.

ಜನರನ್ನು ನಂಬಿಸಿದ್ದು ಎಚ್2ಎಸ್ ಸೀಸೆ, ಅಂದರೆ ನೀರಿಗೆ ಮಲದ ರೋಗಾಣು ಸೇರಿದ್ದರೆ ಕಪ್ಪಾಗುವ ಪರೀಕ್ಷೆಯ ಸೀಸೆ. ಪ್ರತಿ ತಿಂಗಳು ನೀರು ತುಂಬಿದ ಸೀಸೆಯನ್ನು ಡೈರಿಯ ಕಟ್ಟೆ ಮೇಲೆ ಇಡುತ್ತಿದ್ದೆವು. ಹಾಲು ಹಾಕಲು ಬಂದವರೆಲ್ಲ ನೋಡಲಿ ಅಂತ. ಮೊದಲೆಲ್ಲ ಮಾರನೇ ದಿನಕ್ಕೇ ಕಪ್ಪಾಗುತ್ತಿತ್ತು. ಗುಂಡಿ ಸರಿದ ಮೇಲೆ ಮಳೆಗಾಲದಲ್ಲಿ ಮಾತ್ರ ಒಂದೆರಡು ಸಲ ಆಯಿತು. ಈಗ ಹೆಚ್ಚೂಕಡಿಮೆ ಇಲ್ಲ. ಕ್ಲೋರಿನ್ ಹಾಕುವುದನ್ನು ಮಾತ್ರ ನಿಲ್ಲಿಸಿಲ್ಲ, ನೀವೂ ನಿಲ್ಲಿಸಬೇಡಿ. ಸೀಸೆ ಇಡುವ ಮೊದಲು ಕ್ಲೋರಿನ್ ಹಾಕದ ನೀರು ತೆಗೆದುಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ಗೊಬ್ಬರ, ಮಲಮೂತ್ರದಿಂದ ನೀರಿಗೆ ಸೇರುವ ನೈಟ್ರೇಟ್‌ನ ಕಥೆ ಬೇರೆ. ಮಿತಿ ಲೀಟರಿಗೆ 45 ಮಿಲಿಗ್ರಾಂ, ನಮ್ಮದು 70ರ ಮೇಲಿತ್ತು. ಎರಡು ಮಳೆಗಾಲ ಕಳೆದ ಮೇಲೆ 50ರ ಹತ್ತಿರ ಬಂದು ಅಲ್ಲೇ ನಿಂತಿದೆ. ತೋಟಕ್ಕೆ ಸುರಿಯುವ ಯೂರಿಯಾಕ್ಕೆ ಯಾರೂ ಪರವಾನಗಿ ಕೇಳಿ ಬರುವುದಿಲ್ಲವಲ್ಲ, ನಮ್ಮ ಉಪಾಯ ಅಲ್ಲಿ ನಡೆಯುತ್ತಿಲ್ಲ. ಸುಮ್ನೆ ನೋಡೋಣ ಅಂತ ತೋಟದ ಅಂಚಿಗೆ ಲಾವಂಚ ಹಾಕಿಸಿದೆ. ಮಣ್ಣು ಕೊಚ್ಚಿ ಹೋಗುವುದು ನಿಂತಿತು, ನೈಟ್ರೇಟ್‌ಗೆ ಏನೂ ಆಗಲಿಲ್ಲ. ಈ ಸಲ ಇಬ್ಬರು ರೈತರು ಯೂರಿಯಾವನ್ನು ಒಂದೇ ಸಲ ಹಾಕದೆ ಮೂರು ಕಂತು ಮಾಡಲು ಒಪ್ಪಿದ್ದಾರೆ. ಇಳುವರಿ ಕಡಿಮೆಯಾದರೆ ತುಂಬಿಕೊಡುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.