ಸಿಗರೇಟು ಸೇದುವವರು ಕಿವಿ ಉಳಿಸಿಕೊಳ್ಳುವ ಬಗೆ

ಸಿಗರೇಟು ಎಂದರೆ ಶ್ವಾಸಕೋಶ, ಹೃದಯ ನೆನಪಾಗುತ್ತವೆ. ಕಿವಿ ಯಾರಿಗೂ ನೆನಪಾಗುವುದಿಲ್ಲ. ಅಮೆರಿಕದ ಬೀವರ್ ಡ್ಯಾಮ್ ಊರಿನಲ್ಲಿ 48ರಿಂದ 92 ವರ್ಷದ 3,753 ಜನರ ಕಿವಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸೇದುವವರಲ್ಲಿ ಕಿವಿ ಮಂದವಾಗುವ ಸಾಧ್ಯತೆ ಸೇದದವರಿಗಿಂತ ಸುಮಾರು 1.7 ಪಟ್ಟು ಕಂಡಿತ್ತು.

ಒಳಗಿವಿಯಲ್ಲಿ ಸದ್ದು ಗ್ರಹಿಸುವ ಅಂಗವಾದ ಕಾಕ್ಲಿಯಾಕ್ಕೆ ರಕ್ತ ಒಯ್ಯುವುದು ಕೂದಲೆಳೆಯಂಥ ಒಂದೇ ಧಮನಿ. ನಿಕೋಟಿನ್ ಅದನ್ನು ಬಿಗಿಯುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಅಲ್ಲಿ ಸದ್ದು ಹಿಡಿಯುವ ಸುಮಾರು 15,000 ರೋಮಕೋಶಗಳು ಹುಟ್ಟುವಾಗ ಬಂದಷ್ಟೇ, ಸತ್ತವು ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರ ಹಿಡಿಯುವ ಕೋಶಗಳು. ಹಾಗಾಗಿ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ: ಗದ್ದಲದಲ್ಲಿ ಸಾಲು, ಕಾಲು, ಪಾಲು ಒಂದೇ ಆಗುತ್ತವೆ. 'ಎದುರಿನವರೇ ಸರಿಯಾಗಿ ಮಾತಾಡುತ್ತಿಲ್ಲ' ಎಂದುಕೊಂಡು ವರ್ಷಗಟ್ಟಲೆ ಕಳೆಯುವವರು ಬಹಳ.

ಆದ್ದರಿಂದ ತೊಂದರೆ ಕಾಣುವ ಮೊದಲೇ ಒಂದು ಆಡಿಯೋಗ್ರಾಂ (ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಎಂದು ತೋರಿಸುವ ಚಾರ್ಟು) ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಥವಾ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಇರುವ ಆಸ್ಪತ್ರೆಯಲ್ಲಿ ಆಗುತ್ತದೆ. ಹಿಂದಿನ ದಿನ ಹೆಡ್‌ಫೋನ್, ಡಿಜೆ ಸದ್ದು ಬೇಡ. ಗುಗ್ಗೆ ತುಂಬಿದ್ದರೆ ಇಎನ್‌ಟಿ ವೈದ್ಯರಿಂದ ಮೊದಲು ತೆಗೆಸಿ, ಇಲ್ಲವಾದರೆ ಫಲಿತಾಂಶ ತಪ್ಪುತ್ತದೆ. ಚಾರ್ಟಿನಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ಕೆಳಗೆ ಬರೆದ ಸರಾಸರಿಯನ್ನಷ್ಟೇ ನೋಡಿ ಸಮಾಧಾನಪಡಬೇಡಿ. ಅದು ಹೆಚ್ಚಾಗಿ 500ರಿಂದ 4,000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಒಳಗಿನ ಲೆಕ್ಕ, ಅದಕ್ಕಿಂತ ಎತ್ತರದ ಸ್ವರ ಅದರಲ್ಲಿ ಸೇರಿರುವುದಿಲ್ಲ. 4,000, 6,000, 8,000ದಲ್ಲಿ ಗೆರೆ ಚಾರ್ಟಿನ 25 ಡೆಸಿಬಲ್ ಗುರುತಿಗಿಂತ ಕೆಳಗಿಳಿದಿದೆಯೇ ಎಂದು ಕೇಳಿ. ಚಾರ್ಟಿನಲ್ಲಿ ಕೆಳಗೆ ಹೋದಷ್ಟೂ ಡೆಸಿಬಲ್ ಹೆಚ್ಚು, ಕೇಳುವುದು ಕಡಿಮೆ. ಚಾರ್ಟು ಎತ್ತಿಟ್ಟು ವರ್ಷಕ್ಕೊಮ್ಮೆ ಹೋಲಿಸಿ.

ಇನ್ನು ಬಿಡುವುದು. ಹತ್ತನ್ನು ಐದಕ್ಕೆ ಇಳಿಸಿದರೆ ಸಾಲದು. ಉಳಿದ ಐದನ್ನು ಆಳವಾಗಿ ಎಳೆಯುವುದು ಅಭ್ಯಾಸವಾಗುತ್ತದೆ. ಪೂರ್ತಿ ಬಿಡಲು ನೆರವಾಗುವುದು ನಿಕೋಟಿನ್ ಗಮ್: ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಗ್ರಾಂ, ಉಳಿದವರಿಗೆ 2 ಮಿಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸುವುದು ಕ್ರಮ. 'ಗಮ್ ನನಗೆ ಹಿಡಿಸಲಿಲ್ಲ' ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಬಬಲ್ ಗಮ್‌ನಂತೆ ಜಗಿದಿರುತ್ತಾರೆ. ಹಾಗೆ ಮಾಡಿದರೆ ರಸ ಹೊಟ್ಟೆ ಸೇರಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನವಾಗಿ ಜಗಿದು, ಖಾರ ಚುರುಗುಟ್ಟಿದೊಡನೆ ಕೆನ್ನೆ-ವಸಡಿನ ನಡುವೆ ಇಡಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ, ಅರ್ಧ ಗಂಟೆಯವರೆಗೆ. ಕಾಫಿ, ಚಹಾ ಕುಡಿದಿದ್ದರೆ ಗಮ್ ಹಾಕುವ ಮೊದಲು 15 ನಿಮಿಷ ಕಳೆಯಲಿ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಬಳಸಬಾರದು. ಉಚಿತ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 1800-11-2356. ಜಪಾನಿನ ಸುಮಾರು 50,000 ಉದ್ಯೋಗಿಗಳ ಮೇಲಿನ ಅಧ್ಯಯನದಲ್ಲಿ ಸಿಗರೇಟು ಬಿಟ್ಟ ಐದು ವರ್ಷದೊಳಗೇ ಕಿವಿ ಮಂದವಾಗುವ ಅಪಾಯ ಇಳಿದಿತ್ತು. ಬಿಡಲು ತಡವಾಯಿತೆಂಬ ಮಾತೇ ಬೇಡ.

ಮಗ್ಗ, ಗಿರಣಿ, ವೆಲ್ಡಿಂಗ್ ಕೆಲಸದವರಿಗೆ ಹೊಗೆ ಮತ್ತು ಸದ್ದು ಎರಡೂ ಸೇರಿ ಹೊಡೆತ ಹೆಚ್ಚು. ಫೋಮ್ ಇಯರ್‌ಪ್ಲಗ್ ಅನ್ನು ತೆಳುವಾಗಿ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಿ, ಅದು ಉಬ್ಬುವವರೆಗೆ 30 ಸೆಕೆಂಡು ಬೆರಳಿಂದ ಹಿಡಿಯಿರಿ. ಕಿವಿಯ ಹೊರಗೆ ಅರ್ಧ ಇಣುಕುತ್ತಿದ್ದರೆ ಹಾಕಿದ್ದೂ ಹಾಕದ್ದೂ ಒಂದೇ.

ಮನೆಯೊಳಗೆ ಕಿಟಕಿ ತೆರೆದು ಸೇದಿದರೂ ಹೊಗೆ ಉಳಿಯುತ್ತದೆ. ಮಕ್ಕಳಿಗೆ ಮಧ್ಯಕಿವಿಯ ಸೋಂಕು, ನೀರು ತುಂಬುವುದು ಇದರಿಂದ ಹೆಚ್ಚುತ್ತವೆ. ಮಗು ಟಿವಿ ಸದ್ದು ಏರಿಸುತ್ತಿದ್ದರೆ ಗದರಬೇಡಿ, ಕಿವಿ ತೋರಿಸಿ.

ಬೆಳಗೆದ್ದಾಗ ಒಂದು ಕಿವಿ ದಿಢೀರನೆ ಕೇಳದಿದ್ದರೆ ಎಣ್ಣೆ, ಡ್ರಾಪ್ಸ್ ಹಾಕಿ ಕಾಯಬೇಡಿ. ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ. ಇದಕ್ಕೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಫಲ ಹೆಚ್ಚು, ಎರಡು ವಾರ ದಾಟಿದರೆ ಆಸೆ ಬಹಳ ಕಡಿಮೆ.