ಖಾಸಗಿ ಜಮೀನಿನ ಪಕ್ಷಿ ಹೈಡ್‌ಗೆ ಕ್ಯಾಂಪರ್ ವ್ಯಾನ್ ಒಯ್ಯುವವರಿಗೆ

ಕಲಬುರಗಿ, ಯಾದಗಿರಿ ಕಡೆ ಹೊಲದೊಳಗಿನ ಹೈಡ್‌ಗೆ (ಮರೆಯಲ್ಲಿ ಕೂತು ಕಿಂಡಿಯಿಂದ ಹಕ್ಕಿ ನೋಡುವ ಗೂಡು) ವ್ಯಾನ್‌ನಲ್ಲಿ ಹೋಗುವವರು ಮೊದಲು ಮಾಲೀಕರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ದಾರಿ ಎರೆಮಣ್ಣಿನದೋ ಗರಸಿನದೋ, ಕೊನೆಯ ಮಳೆ ಯಾವಾಗ ಬಂತು, ದಾರಿಗೆ ಅಡ್ಡ ಕರೆಂಟ್ ತಂತಿ ಜೋತುಬಿದ್ದಿದೆಯೇ. ವ್ಯಾನಿನ ಎತ್ತರ ಅಳೆದು ತಿಳಿಸಿ. ಮೇಲಿನ ಸೋಲಾರ್ ಪ್ಯಾನೆಲ್, ಕ್ಯಾರಿಯರ್ ಸೇರಿಸಲು ಮರೆಯಬೇಡಿ.

ಎರೆಭೂಮಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮಣ್ಣು ಟೈರಿನ ಸಂದುಗಳಲ್ಲಿ ಮೆತ್ತಿಕೊಂಡರೆ ಹಿಡಿತವೇ ಇರುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತುಹೋಗುತ್ತದೆ. ನಿಲ್ಲಿಸಿ, ಚಕ್ರದ ಮುಂದಿನ ಮಣ್ಣು ಸಲಿಕೆಯಿಂದ ತೆಗೆದು, ಗೋಣಿಚೀಲ ಹಾಸಿ, ಕಡಿಮೆ ವೇಗದಲ್ಲಿ ಹೊರತನ್ನಿ. ನಾಲ್ಕು ಗೋಣಿಚೀಲ, ಒಂದು ಸಲಿಕೆ ವ್ಯಾನಿನಲ್ಲಿ ಇರಲೇಬೇಕು. ಮಳೆ ಬಂದಿದ್ದರೆ ಡಾಂಬರು ರಸ್ತೆ ಬದಿಯಲ್ಲೇ ನಿಲ್ಲಿಸಿ ನಡೆದುಹೋಗುವುದು ಮೇಲು.

ತೊಗರಿ ಕೊಯ್ದ ಹೊಲಕ್ಕೆ ವ್ಯಾನ್ ಇಳಿಸಲೇಬೇಡಿ! ಓರೆಯಾಗಿ ಕತ್ತರಿಸಿದ ಕೂಳೆ ಮೊಳೆಯಂತೆ ಟೈರಿನ ಬದಿಯನ್ನು ಸೀಳುತ್ತದೆ, ಅಲ್ಲಿ ಪಂಕ್ಚರ್ ಹಾಕಿದರೂ ನಿಲ್ಲುವುದಿಲ್ಲ.

ಸಂಜೆ ಬೆಳಕಿರುವಾಗಲೇ ತಲುಪಿ, ಮೂತಿ ದಾರಿಯ ಕಡೆಗಿರುವಂತೆ ನಿಲ್ಲಿಸಿ. ಚಳಿಗಾಲದಲ್ಲಿ ಸುರಪುರ ಬಳಿಯ ಬೋನಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯೂ ಹೊಲಗಳಲ್ಲಿ ಮೇಯುತ್ತವೆ. ಹೆಡ್‌ಲೈಟ್, ಜನರೇಟರ್ ಸದ್ದಿಗೆ ಹಾರಿಹೋಗುತ್ತವೆ. ಫ್ರಿಜ್ಜು ಬ್ಯಾಟರಿಯಲ್ಲೇ ನಡೆಯಲಿ.

ಹೈಡ್ ಒಳಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಕೂಡಬೇಕು. ಬೆಳಿಗ್ಗೆ ಪಶ್ಚಿಮಕ್ಕೆ ಮುಖವಿರುವ ಕಿಂಡಿ ಕೇಳಿ ಪಡೆಯಿರಿ, ಬೆಳಕು ಬೆನ್ನಿಗಿರುತ್ತದೆ. ಪಾತ್ರೆ ತೊಳೆದ ಸೋಪಿನ ನೀರನ್ನು ಕೃಷಿಹೊಂಡದ ಹತ್ತಿರ ಚೆಲ್ಲಬೇಡಿ, ಹಕ್ಕಿ ಮತ್ತು ದನ ಕುಡಿಯುವುದು ಅದೇ ನೀರು. ಕ್ಯಾನಿನಲ್ಲಿ ತುಂಬಿ ವಾಪಸ್ ಒಯ್ಯಿರಿ.